ರಾನಡೆಯವರ ಊರಲ್ಲಿ ಅಂಕಗಳ ಲೆಕ್ಕ

ಗುರುದೇವ ರಾನಡೆ ಹುಟ್ಟಿದ್ದು 1886ರಲ್ಲಿ, ಜಮಖಂಡಿಯಲ್ಲಿ. ಮೆಟ್ರಿಕ್‌ವರೆಗೆ ಓದಿದ್ದೂ ಅಲ್ಲಿನ ಪರಶುರಾಮಭಾವು ಹೈಸ್ಕೂಲಿನಲ್ಲೇ. ಉಪನಿಷತ್ತುಗಳ ತತ್ತ್ವಜ್ಞಾನ ಕುರಿತ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿ ಪುಣೆಯಿಂದ ಹೊರಬಂತು. ಬಹಳ ದಿನ ಕಳೆಯುವ ಮುನ್ನವೇ ಅಲಹಾಬಾದ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. ಮುಂದೆ ಅಲ್ಲಿಯೇ ಕುಲಪತಿಗಳಾದರು. ಮಹಾರಾಷ್ಟ್ರದ ಅನುಭಾವಿಗಳ ಮೇಲಿನ ಸಂಪುಟ 1933ರಲ್ಲಿ ಬಂತು. ಕನ್ನಡ ಸಂತರನ್ನು ಕುರಿತ ಪುಸ್ತಕವಂತೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆಂದು ಮಾಡಿದ ಉಪನ್ಯಾಸಗಳಿಂದ ಬೆಳೆದದ್ದು. 1957ರಲ್ಲಿ ನಿಂಬಾಳದಲ್ಲಿ ಅವರು ತೀರಿಕೊಂಡ ಮೇಲೆ, 1960ರಲ್ಲಿ ಅಚ್ಚಾಯಿತು. ಇಂದಿಗೂ ಅವರ ಹೆಸರು ನಿಂತಿರುವುದು ಆ ದಪ್ಪ ಗ್ರಂಥಗಳ ಮೇಲೆಯೇ.

ಈಗಿನ ಅಧ್ಯಾಪಕರನ್ನು ತೂಗುವ ತಕ್ಕಡಿ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಒಂದು ಕೋಷ್ಟಕವಿದೆ. ಮಾನವಿಕ ವಿಷಯಗಳಲ್ಲಿ ಮಾನ್ಯ ಪತ್ರಿಕೆಯ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ದೇಶದೊಳಗಿನ ಪ್ರಕಾಶಕರು ತಂದ ಇಡೀ ಪುಸ್ತಕಕ್ಕೂ 10. ಸಂಪಾದಿತ ಪುಸ್ತಕಕ್ಕೆ 8, ಪುಸ್ತಕದ ಅನುವಾದಕ್ಕೂ 8. ನೇರ ನೇಮಕಾತಿಯಲ್ಲಿ ಪ್ರಾಧ್ಯಾಪಕರಾಗಲು 120 ಅಂಕ ಬೇಕು, ಜೊತೆಗೆ ಕನಿಷ್ಠ 10 ಪ್ರಕಟಣೆಗಳು.

ಮುಧೋಳದ ಕಾಲೇಜಿನ ಕನ್ನಡ ಅಧ್ಯಾಪಕಿಯೊಬ್ಬರು ತಮ್ಮೂರಿನ ರನ್ನನ ಗದಾಯುದ್ಧವನ್ನು ಹೊಸದಾಗಿ ಪರಿಷ್ಕರಿಸಲು ಹೊರಟರೆನ್ನಿ. ಓಲೆಗರಿ ಪ್ರತಿಗಳನ್ನು ಹುಡುಕಬೇಕು. ಒಂದೊಂದು ಪದ್ಯವನ್ನೂ ಪ್ರತಿಯಿಂದ ಪ್ರತಿಗೆ ಹೋಲಿಸಿ, ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪಾಠ ಯಾವುದು ಎಂದು ತೀರ್ಮಾನಿಸಬೇಕು. ಅಡಿಯಲ್ಲಿ ಪಾಠಾಂತರ, ಕೊನೆಯಲ್ಲಿ ಶಬ್ದಕೋಶ, ಪದ್ಯಗಳ ಅಕಾರಾದಿ. ವರ್ಷಗಟ್ಟಲೆಯ ಈ ದುಡಿಮೆಗೆ ಸಿಗುವುದು ಒಂದು ಲೇಖನಕ್ಕಿಂತ ಎರಡು ಅಂಕ ಕಡಿಮೆ. ಬಡ್ತಿ, ಸಂಸಾರ ಎರಡನ್ನೂ ನೋಡಬೇಕಾದವರು ಲೇಖನದ ಹಾದಿ ಹಿಡಿದರೆ ಅವರನ್ನು ಯಾವ ಬಾಯಿಂದ ತಪ್ಪೆನ್ನುವುದು? ನನಗೆ ಸಂಕಟವಾಗುವುದು ಬರೆಯದೆ ಉಳಿದ ಪುಸ್ತಕಗಳಿಗಾಗಿ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಚರಿತ್ರೆ ಎಂಟು ಪುಟದ ಲೇಖನದಲ್ಲಿ ಹಿಡಿಯುವಂಥದ್ದಲ್ಲ. ಬೀಳಗಿಯ ಶಾಸನ, ಸ್ಮಾರಕಗಳೂ ಹಾಗೆಯೇ.

ಲೇಖನಗಳ ಸುಗ್ಗಿಯಲ್ಲಿ ದುಡ್ಡು ಕೊಟ್ಟರೆ ಅಚ್ಚುಹಾಕುವ ಪತ್ರಿಕೆಗಳೂ ಹುಟ್ಟಿಕೊಂಡವು. 2018ರಲ್ಲಿ ಯುಜಿಸಿ ತನ್ನ ಮಾನ್ಯ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಟ್ಟಿತು. ಅನಂತರ ಅದರ ಜಾಗಕ್ಕೆ ಬಂದ ‘ಕೇರ್’ ಎಂಬ ಪತ್ರಿಕೆಗಳ ಪಟ್ಟಿಯೂ 2025ರಲ್ಲಿ ಹೋಯಿತು. ಪತ್ರಿಕೆಗಳ ಗುಣಮಟ್ಟ ಅಳೆಯುವ ಹೊಣೆ ಈಗ ವಿದ್ಯಾಸಂಸ್ಥೆಗಳದ್ದೇ.

ಜಮಖಂಡಿಯಲ್ಲೇ ಈಗ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಅದರ ಆಯ್ಕೆ ಸಮಿತಿಗಳು ಅಭ್ಯರ್ಥಿಯ ಒಂದು ಪುಸ್ತಕವನ್ನಾದರೂ ಸಂದರ್ಶನಕ್ಕೆ ಮುಂಚೆ ಪೂರ್ತಿ ಓದಿ, ಅದರ ಮೇಲೆಯೇ ಪ್ರಶ್ನೆ ಕೇಳಲಿ. ಗ್ರಂಥ ಸಂಪಾದನೆಗೆ ಕೈಹಾಕಿದವರಿಗೆ ಒಂದೆರಡು ವರ್ಷ ಪಾಠದ ಹೊರೆ ಇಳಿಸಲಿ. ಇಷ್ಟು ಮಾಡಲು ದೆಹಲಿಯ ಕೋಷ್ಟಕ ತಿದ್ದುವವರೆಗೆ ಕಾಯಬೇಕಿಲ್ಲ.