ಐಚ್ಛಿಕ ವಿಷಯದ ಆಯ್ಕೆ: ಅಂಕಕ್ಕಾಗಿಯೋ, ಅರಿವಿಗಾಗಿಯೋ?

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾಗಿ ಪದವಿ ಕಾಲೇಜುಗಳ ಪ್ರವೇಶ ಅರ್ಜಿಗಳು ಕೈಸೇರುವ ದಿನಗಳಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಪಾಲಕರ ಮಾತು ಬಹುತೇಕ ಒಂದೇ ವಿಚಾರದ ಸುತ್ತ ಸುಳಿಯುತ್ತದೆ. ಮುಖ್ಯ ವಿಷಯಗಳು ನಿಶ್ಚಯವಾಗಿರುತ್ತವೆ. ಉಳಿಯುವುದು ಐಚ್ಛಿಕ ವಿಷಯ. ಪಟ್ಟಿಯಲ್ಲಿ ಪರಿಸರಕ್ಕೆ ಸಂಬಂಧಿಸಿದ ವಿಷಯವಿದ್ದರೆ ಬೀದರಿನ ತಂದೆಯಾಗಲಿ, ಭಾಲ್ಕಿಯ ತಾಯಿಯಾಗಲಿ, ಔರಾದಿನ ಅಣ್ಣನಾಗಲಿ ಕೇಳುವುದು ಎರಡೇ ಪ್ರಶ್ನೆ: “ಅದರಾಗ ಅಂಕ ಸುಲಭ ಸಿಗ್ತಾವೇನ್ರಿ? ಮುಂದ ನೌಕರಿಗಿ ಉಪಯೋಗ ಆಗ್ತದೇನು?” ಶುಲ್ಕ ಕಟ್ಟುವವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಆದರೆ ಇವೆರಡನ್ನೇ ಕೇಳಿ ಅರ್ಜಿ ತುಂಬಿದರೆ ಮಕ್ಕಳು ಕಳೆದುಕೊಳ್ಳುವುದೇನು ಎಂಬುದನ್ನೂ ನಾವು ವಿಚಾರಿಸಬೇಕಾಗಿದೆ.

ಪರಿಸರ ಶಿಕ್ಷಣ ಕಾಲೇಜಿಗೆ ತಾನಾಗಿ ಬಂದುದಲ್ಲ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರ ನವೆಂಬರ್ 22ರಂದು, ಎಲ್ಲ ಹಂತಗಳಲ್ಲೂ ಪರಿಸರವನ್ನು ಬೋಧಿಸಬೇಕೆಂದು ನಿರ್ದೇಶಿಸಿತು. ಅದು ಸರಿಯಾಗಿ ಜಾರಿಯಾಗದಿದ್ದಾಗ 2003ರಲ್ಲಿ ಮತ್ತೊಮ್ಮೆ ಆದೇಶಿಸಬೇಕಾಯಿತು. ನ್ಯಾಯಾಲಯದ ನಿರ್ದೇಶನದ ಮೇರೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಎಲ್ಲ ಪದವಿ ವಿದ್ಯಾರ್ಥಿಗಳಿಗೆ ಆರು ತಿಂಗಳ ಕಡ್ಡಾಯ ಪಠ್ಯವನ್ನು ರೂಪಿಸಿತು. ಆ ಪಠ್ಯದ 100 ಅಂಕಗಳಲ್ಲಿ 25ನ್ನು ಕ್ಷೇತ್ರ ಅಧ್ಯಯನಕ್ಕೆಂದೇ ಮೀಸಲಿಡಲಾಗಿತ್ತು. ಕೆರೆ, ಹೊಳೆ, ಹೊಲ, ಗುಡ್ಡಗಳನ್ನು ಕಣ್ಣಾರೆ ಕಂಡು ಬರೆಯಬೇಕೆಂಬುದೇ ಅದರ ಆಶಯ.

ಆಗುತ್ತಿರುವುದೇನು? ಹಿರಿಯ ವಿದ್ಯಾರ್ಥಿಯ ವರದಿ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಹೆಸರು ಬದಲಾಗುತ್ತದೆ, ಅಂಕ ಬರುತ್ತದೆ. ನಮ್ಮ ಮನೆಗಳ ಮಕ್ಕಳೂ ಹೀಗೆ ಮಾಡಿದ್ದನ್ನು ನಾವು ಕಂಡಿದ್ದೇವೆ, ಕಂಡೂ ಸುಮ್ಮನಿದ್ದೇವೆ. ನೀರಿನ ಪಾಠದಲ್ಲಿ ಉತ್ತಮ ಅಂಕ ಪಡೆದ ಮಗಳಿಗೆ ಮನೆಯ ನಳದ ನೀರು ಎಲ್ಲಿಂದ ಬರುತ್ತದೆಂದು ತಿಳಿಯದಿದ್ದರೆ, ಆ ಅಂಕದಿಂದ ಬಂದ ಲಾಭವೇನು?

ನೋಡುವ ಕಣ್ಣಿದ್ದರೆ ನಮ್ಮ ಬೀದರ್ ನಗರವೇ ಒಂದು ತೆರೆದ ಗ್ರಂಥ. 15ನೇ ಶತಮಾನದಲ್ಲಿ ಬಹಮನಿ ಅರಸರ ಕಾಲದಲ್ಲಿ ಪರ್ಷಿಯಾದ ಜ್ಞಾನದಿಂದ ನೌಬಾದಿನಲ್ಲಿ ಕರೇಜ್ ಎಂಬ ನೆಲದಡಿಯ ಕಾಲುವೆಯನ್ನು ಕೊರೆಯಲಾಯಿತು. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಗಟ್ಟಿ ಕರಿಕಲ್ಲಿಗೆ ಬಂದು ತಡೆಯುತ್ತದೆ. ಆ ನೀರನ್ನು ಇಳಿಜಾರಿನ ಸುರಂಗದಲ್ಲಿ ಹರಿಸುವುದೇ ಇದರ ತತ್ತ್ವ. ಎತ್ತುವ ಯಂತ್ರ ಬೇಕಿಲ್ಲ. ಶತಮಾನಗಳ ಹೂಳಿನಲ್ಲಿ ಮರೆತುಹೋಗಿದ್ದ ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿ ನಕ್ಷೆಗಿಳಿಸಿದವರಲ್ಲಿ ಪ್ರಮುಖರು ಕೇರಳದ ಕಾಲೇಜೊಂದರ ಭೂಗೋಳ ಅಧ್ಯಾಪಕರಾದ ವಿ. ಗೋವಿಂದನ್‌ಕುಟ್ಟಿ. ದೂರದೂರಿನ ಅಧ್ಯಾಪಕರು ಬಂದು ಓದಿದ ಪುಟವನ್ನು ಇಲ್ಲಿಯ ವಿದ್ಯಾರ್ಥಿ ಒಮ್ಮೆಯಾದರೂ ತೆರೆಯಬೇಡವೇ?

ಭಾಲ್ಕಿಯ ವಿದ್ಯಾರ್ಥಿಗೆ ಬ್ಯಾಲಹಳ್ಳಿಯ ಕಾರಂಜಾ ಜಲಾಶಯವಿದೆ. ಕಬ್ಬಿಗೆ ಎಷ್ಟು ನೀರು ಬೇಕು, ತೊಗರಿಗೆ ಎಷ್ಟು ಸಾಕು ಎಂಬ ಲೆಕ್ಕವನ್ನು ತಂದೆಯ ಹೊಲದಲ್ಲೇ ಹಾಕಬಹುದು. ಔರಾದಿನವರಿಗೆ ಮಾಂಜ್ರಾ ನದಿಯಿದೆ. ಬೇಸಿಗೆಯಲ್ಲಿ ಯಾವ ಕೊಳವೆಬಾವಿ ಯಾವ ತಿಂಗಳಿಗೆ ಬತ್ತಿತೆಂದು ಓಣಿಯ ತಾಯಂದಿರನ್ನು ಕೇಳಿ ಬರೆದರೂ ಅದು ನಿಜವಾದ ವರದಿಯೇ ಸರಿ.

ಇನ್ನು ಆಯ್ಕೆಯ ಮಾತು. ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಮುಕ್ತ ಐಚ್ಛಿಕ ವಿಷಯಗಳು ಬಂದವು. 2024-25ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮ ಬದಲಾಯಿತು. ಆದ್ದರಿಂದ ಅಣ್ಣ, ಅಕ್ಕಂದಿರು ಹೇಳಿದ್ದನ್ನು ನಂಬದೆ ಈ ವರ್ಷದ ಕೈಪಿಡಿಯನ್ನೇ ಓದಬೇಕು. ಕಾಲೇಜಿನಲ್ಲಿ ಮೂರು ವಿಚಾರ ಕೇಳಬೇಕು. ವಿಷಯ ಬೋಧಿಸುವ ಅಧ್ಯಾಪಕರು ಇದ್ದಾರೆಯೇ? ಕ್ಷೇತ್ರ ಭೇಟಿ ನಿಜವಾಗಿ ನಡೆಯುತ್ತದೆಯೇ? ವಿಷಯವು ಮಗುವಿನ ಮುಖ್ಯ ಓದಿಗೆ ಹೊಂದುತ್ತದೆಯೇ? ವಾಣಿಜ್ಯ ಓದುವವರಿಗೆ ನೀರಿನ ಬೆಲೆಯೂ ಅರ್ಥಶಾಸ್ತ್ರವೇ, ರಸಾಯನಶಾಸ್ತ್ರ ಓದುವವರಿಗೆ ಬಾವಿಯ ನೀರೇ ಪ್ರಯೋಗ. ಪರಿಸರ ವಿಜ್ಞಾನವನ್ನು ಮುಖ್ಯ ವಿಷಯವಾಗಿಯೇ ಆರಿಸುವವರು, ಮುಂದೆ ಬಿ.ಎಡ್. ಮತ್ತು ಸ್ನಾತಕೋತ್ತರ ಪ್ರವೇಶಕ್ಕೆ ಅದು ಸಲ್ಲುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಲಿ. ನೌಕರಿಯ ಪ್ರಶ್ನೆಗೂ ಉತ್ತರವಿದೆ: ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯಲ್ಲಿ ಪರಿಸರ, ಜೀವವೈವಿಧ್ಯ, ಹವಾಮಾನ ಬದಲಾವಣೆಗಳು ಪಠ್ಯದ ಭಾಗವಾಗಿವೆ. ಆದರೆ ಒಂದು ಐಚ್ಛಿಕ ವಿಷಯವೇ ನೌಕರಿ ಕೊಡಿಸುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ದಿವಂಗತ ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ ಆರನೆಯ ಅಧ್ಯಾಯ ಪರಿಸರ ಶಿಕ್ಷಣ ಮತ್ತು ಆಧ್ಯಾತ್ಮಿಕತೆಯನ್ನು ಕುರಿತದ್ದು. ಆ ಶಿಕ್ಷಣ ನಡೆಯುವ ತಾಣಗಳಲ್ಲಿ ಶಾಲೆಯ ಜೊತೆಗೆ ಕುಟುಂಬವನ್ನೂ ಅವರು ಹೆಸರಿಸಿ, ಕುಟುಂಬಕ್ಕೆ ವಿಶೇಷ ಮಹತ್ವ ನೀಡಿದ್ದಾರೆ. ಹಾಗಾದರೆ ಈ ಹೊಣೆ ಕಾಲೇಜಿನದಷ್ಟೇ ಅಲ್ಲ. ಅರ್ಜಿಗೆ ಸಹಿ ಹಾಕುವ ಮುನ್ನ ಮಗನನ್ನೋ ಮಗಳನ್ನೋ ಬಳಿಗೆ ಕರೆದು, ನಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆಂದು ಕೇಳೋಣ. ಅವರಿಗೆ ತಿಳಿಯದಿದ್ದರೆ, ನಮಗೂ ತಿಳಿಯದಿದ್ದರೆ, ಮುಂದಿನ ಭಾನುವಾರ ಮಧ್ಯಾಹ್ನ ಇಡೀ ಕುಟುಂಬ ಸೇರಿ ಹೋಗಿ ನೋಡಿ ಬರೋಣ. ಆ ಒಂದು ನಡಿಗೆಯ ನಂತರ ವಿಷಯದ ಆಯ್ಕೆ ಅಷ್ಟು ಕಠಿಣವೆನಿಸಲಾರದು.