ಕಲಿತವರು ಮರಳಿ ಕಲಿಯುವ ಐರ್ಲೆಂಡಿನ ಪಿಟೀಲು

ವಿದ್ಯೆಯನ್ನು ಸಂಪಾದಿಸುವುದು ಕಷ್ಟ. ಸಂಪಾದಿಸಿದ ವಿದ್ಯೆಯನ್ನು ಪಕ್ಕಕ್ಕಿರಿಸಿ ಮತ್ತೊಂದು ವಿದ್ಯೆಯ ಮುಂದೆ ಬಾಲಕನಂತೆ ಕುಳಿತುಕೊಳ್ಳುವುದು ಅದಕ್ಕಿಂತಲೂ ಕಷ್ಟ. ಈ ಮಾತಿಗೆ ಐರ್ಲೆಂಡ್ ದೇಶದ ಪಿಟೀಲು ವಾದನ ಒಳ್ಳೆಯ ನಿದರ್ಶನ. ಸಂಗೀತಶಾಲೆಗಳಲ್ಲಿ ಅನೇಕ ವರ್ಷ ಪಾಶ್ಚಾತ್ಯ ಶಾಸ್ತ್ರೀಯ ವಯಲಿನ್ ಅಭ್ಯಾಸ ಮಾಡಿದವರು ಐರ್ಲೆಂಡಿನ ಪಾರಂಪರಿಕ ಪಿಟೀಲನ್ನು ಕಲಿಯಲು ಪರದೇಶಗಳಿಂದ ಅಲ್ಲಿಗೆ ಹೋಗುವುದುಂಟು. ಅವರಿಗೆ ಎದುರಾಗುವ ತೊಡಕೇನು, ದೊರೆಯುವ ಲಾಭವೇನು ಎಂಬುದನ್ನು ವಿಚಾರಿಸುವುದು ಮಕ್ಕಳಿಗೆ ಸಂಗೀತ ಹೇಳಿಸುತ್ತಿರುವ ನಮ್ಮ ಮನೆಗಳಿಗೂ ಉಪಯುಕ್ತವೆಂದು ಭಾವಿಸುತ್ತೇವೆ.

ವಾದ್ಯವೇನೋ ಒಂದೇ. ಅವೇ ನಾಲ್ಕು ತಂತಿಗಳು, ಅದೇ ಶ್ರುತಿ, ಅದೇ ಕಮಾನು. ವ್ಯತ್ಯಾಸವಿರುವುದು ಕೈಯಲ್ಲಿ ಮತ್ತು ಕಿವಿಯಲ್ಲಿ. ಶಾಸ್ತ್ರೀಯ ವಾದಕರು ನೀಳವಾದ ಕಮಾನಿನಿಂದ ದುಂಡನೆಯ ನಾದವನ್ನು ಹೊರಡಿಸಲು, ದೀರ್ಘಸ್ವರಗಳಿಗೆ ಕಂಪನ ಕೊಡಲು ಪಳಗಿರುತ್ತಾರೆ. ಐರಿಷ್ ನೃತ್ಯಗತಿಗಳಲ್ಲಿ ಈ ಕಂಪನ ವಿರಳ. ಕಮಾನು ಕುಣಿಯುವವರ ಹೆಜ್ಜೆಗೆ ತಕ್ಕಂತೆ ಓಡಬೇಕು. ರೀಲ್, ಜಿಗ್, ಹಾರ್ನ್‌ಪೈಪ್, ಪೋಲ್ಕ ಎಂಬ ಒಂದೊಂದು ಬಗೆಗೂ ಒಂದೊಂದು ನಡೆಯುಂಟು. ಅಲ್ಲಿನ ಅಲಂಕಾರಗಳೂ ಬೇರೆ. 'ರೋಲ್' ಎಂಬುದರಲ್ಲಿ ಒಂದು ಸ್ವರವನ್ನು ನುಡಿಸುತ್ತಲೇ ಅದರ ಮೇಲಿನ ಹಾಗೂ ಕೆಳಗಿನ ಸ್ವರಗಳನ್ನು ಬೆರಳಿನಿಂದ ಕ್ಷಣಮಾತ್ರ ಸೋಕಿ ಮರಳುತ್ತಾರೆ. ಸೋಕಿದ ಸ್ವರಗಳು ಸ್ವರವಾಗಿ ಕೇಳಿಸದೆ ಲಯದ ಮಿಡಿತವಾಗಿ ಕೇಳಿಸಬೇಕು. ಸ್ವರಶುದ್ಧಿಗಾಗಿ ವರ್ಷಾನುಗಟ್ಟಲೆ ದುಡಿದ ಬೆರಳಿಗೆ ಇದೇ ದೊಡ್ಡ ಪರೀಕ್ಷೆ.

ಇದಕ್ಕಿಂತ ಹಿರಿದಾದ ತೊಡಕು ಕಾಗದದ್ದು. ಶಾಸ್ತ್ರೀಯ ವಾದಕರಿಗೆ ಬರೆದ ಸ್ವರಲಿಪಿಯೇ ಪ್ರಮಾಣ. ಇಲ್ಲಿ ಅದು ಕೇವಲ ನೆನಪಿನ ಗುರುತು. ರೀಲಿನ ಸ್ವರಗಳನ್ನು ಸಮಪ್ರಮಾಣದಲ್ಲಿ ಬರೆಯುತ್ತಾರೆ. ನುಡಿಸುವಾಗ ಒಂದನ್ನು ತುಸು ಹಿಗ್ಗಿಸಿ ಮುಂದಿನದನ್ನು ಕುಗ್ಗಿಸುತ್ತಾರೆ. ಎಷ್ಟು ಹಿಗ್ಗಿಸಬೇಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಹಾಗೆಂದು ಪುಸ್ತಕ ವ್ಯರ್ಥವಲ್ಲ. ಕಾರ್ಕ್ ಸೀಮೆಯಲ್ಲಿ 1848ರಲ್ಲಿ ಜನಿಸಿ ಅಮೆರಿಕದ ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ ಅವರು 1903ರಲ್ಲಿ 1850 ಗತಿಗಳ ಬೃಹತ್ ಸಂಗ್ರಹವನ್ನು ಪ್ರಕಟಿಸಿದರು. ವಿಶೇಷವೆಂದರೆ ಅವರಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಅವರು ನೆನಪಿನಿಂದ ನುಡಿಸಿದುದನ್ನು ಅದೇ ಇಲಾಖೆಯ ಜೇಮ್ಸ್ ಓನೀಲ್ ಬರೆದುಕೊಳ್ಳುತ್ತಿದ್ದರು. ಆ ಮಹಾಗ್ರಂಥದ ಮೂಲವೂ ಕಿವಿಯೇ ಆಯಿತು.

ಕಲಿಸುವ ಕ್ರಮಕ್ಕೆ ಪಾಡ್ರಿಗ್ ಓಕೀಫ್ (1887–1963) ಅವರನ್ನು ನೆನೆಯಬಹುದು. ಕಾರ್ಕ್ ಮತ್ತು ಕೆರಿ ಸೀಮೆಗಳ ಗಡಿಯ ಸ್ಲೀವ್ ಲೂಕ್ರ ಪ್ರದೇಶದ ಇವರು ಶಾಲಾಮಾಸ್ತರಿಕೆಯನ್ನು ಕಳೆದುಕೊಂಡ ಮೇಲೆ ಮನೆಯಿಂದ ಮನೆಗೆ ನಡೆದುಹೋಗಿ ಪಿಟೀಲು ಹೇಳಿಕೊಟ್ಟರು. ಸ್ವರಲಿಪಿ ಅರಿಯದ ರೈತಮಕ್ಕಳಿಗಾಗಿ ನಾಲ್ಕು ತಂತಿಗಳ ಸ್ಥಾನವನ್ನೂ ಬೆರಳಿನ ಅಂಕಿಯನ್ನೂ ಗುರುತಿಸುವ ಸುಲಭ ಬರಹವೊಂದನ್ನು ಬಳಸಿದರು. ಡೆನಿಸ್ ಮರ್ಫಿ, ಅವರ ಸಹೋದರಿ ಜೂಲಿಯಾ ಕ್ಲಿಫರ್ಡ್ ಮೊದಲಾದ ಹೆಸರಾಂತ ವಾದಕರು ಅವರ ಶಿಷ್ಯರು.

ಇಂದು ಪರದೇಶದ ವಿದ್ಯಾರ್ಥಿಗಳನ್ನು ಆಕರ್ಷಿಸುವ ಪ್ರಮುಖ ಸ್ಥಳ ಕ್ಲೇರ್ ಸೀಮೆಯ ಮಿಲ್‌ಟೌನ್ ಮಾಲ್‌ಬೇ. ಅಲ್ಲಿ ವಿಲ್ಲಿ ಕ್ಲಾನ್ಸಿ ಎಂಬ ವಾದಕರ ಸ್ಮರಣೆಗಾಗಿ 1973ರಲ್ಲಿ ಆರಂಭವಾದ ಬೇಸಗೆ ಶಾಲೆ ಜುಲೈ ತಿಂಗಳಲ್ಲಿ ಸೇರುತ್ತದೆ. ಹಗಲು ಪಾಠ. ಗುರುಗಳು ಒಂದು ತುಣುಕು ನುಡಿಸುತ್ತಾರೆ, ಶಿಷ್ಯರು ಕೇಳಿ ನುಡಿಸುತ್ತಾರೆ. ಸಂಜೆ ಎಲ್ಲರೂ ದುಂಡಗೆ ಕುಳಿತು ನುಡಿಸುವ ಕೂಟ. ಈ ಕೂಟಗಳು ಬಹುಮಟ್ಟಿಗೆ ಪಾನಗೃಹಗಳಲ್ಲಿ ನಡೆಯುತ್ತವೆಂದು ಓದುಗರು ಹುಬ್ಬೇರಿಸಬೇಕಿಲ್ಲ. ಹಿಂದೆ ಈ ಸಂಗೀತ ರೈತರ ಅಡುಗೆಮನೆಗಳಲ್ಲಿ ಬೆಳೆದದ್ದು. ಕೂಟದಲ್ಲಿ ಮುಂದೆ ನಿಂತು ನಡೆಸುವವರಿಲ್ಲ, ಕಾಗದವಿಲ್ಲ. ತಿಳಿಯದ ಗತಿ ಬಂದಾಗ ಪಿಟೀಲನ್ನು ತೊಡೆಯ ಮೇಲಿಟ್ಟು ಕೇಳುವುದೇ ಮರ್ಯಾದೆ. ಕಚೇರಿ ಮಾಡಿದ ಕಲಾವಿದರಿಗೆ ಹಾಗೆ ಸುಮ್ಮನೆ ಕುಳಿತುಕೊಳ್ಳುವುದೇ ಮೊದಲ ಪಾಠ.

ಇಷ್ಟು ನಿಷ್ಠುರವೇಕೆ ಎಂದು ಕೇಳಬಹುದು. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಆ ದೇಶದ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಮಿಗಿಲಾದ ಜನ ದೇಶ ಬಿಟ್ಟರು. 1935ರ ಕಾಯಿದೆಯೊಂದು ಸಾರ್ವಜನಿಕ ನೃತ್ಯಕ್ಕೆ ಪರವಾನಗಿಯನ್ನು ಕಡ್ಡಾಯ ಮಾಡಿದುದರಿಂದ ಹಳ್ಳಿಮನೆಗಳ ನೃತ್ಯಕೂಟಗಳೂ ಸೊರಗಿದವು. ಇಷ್ಟಾದರೂ ಉಳಿದುಬಂದದ್ದು ಬಾಯಿಂದ ಕಿವಿಗೆ, ಕೈಯಿಂದ ಕೈಗೆ ದಾಟಿದ ಸೊತ್ತು. ಅದರಲ್ಲಿಯೂ ಡೊನೆಗಲ್, ಸ್ಲೈಗೋ, ಕ್ಲೇರ್ ಸೀಮೆಗಳಿಗೆ ಬೇರೆಬೇರೆ ಬನಿಯುಂಟು. ಸ್ಲೈಗೋದ ಮೈಕೇಲ್ ಕೋಲ್ಮನ್ (1891–1945) ನ್ಯೂಯಾರ್ಕಿನಲ್ಲಿ ನುಡಿಸಿದ ಗ್ರಾಮಫೋನ್ ತಟ್ಟೆಗಳು ಊರಿಗೆ ಮರಳಿದಾಗ ಅನೇಕರು ತಮ್ಮ ಸೀಮೆಯ ಬನಿಯನ್ನು ಬಿಟ್ಟು ಅವರನ್ನೇ ಅನುಕರಿಸಿದರು. ಒಬ್ಬ ಮಹಾವಾದಕನ ಪ್ರಭಾವವೇ ಹೀಗಾದರೆ, ಹೊರಗಿನಿಂದ ಬಂದವರು ಎಲ್ಲವನ್ನೂ ಶಾಲೆಯ ಒಂದೇ ನುಣುಪಿಗೆ ತಂದುಬಿಟ್ಟರೆ ಉಳಿಯುವುದೇನು? ಆದುದರಿಂದಲೇ ಬಂದವರು ಮೊದಲು ಕೇಳಬೇಕು.

ನಮ್ಮ ನಾಡಿಗೂ ಇದು ತೀರ ದೂರದ ವಿಷಯವಲ್ಲ. ಕರ್ನಾಟಕ ಸಂಗೀತಕ್ಕೆ ಪಿಟೀಲನ್ನು ತಂದವರಲ್ಲಿ ಬಾಲುಸ್ವಾಮಿ ದೀಕ್ಷಿತರು ಮೊದಲಿಗರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳನ್ನು ಕೇಳಿ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದ 'ನೊಟ್ಟುಸ್ವರ'ಗಳಲ್ಲಿ 'ವಂದೇ ಮೀನಾಕ್ಷಿ' ಎಂಬುದರ ಧಾಟಿ ಐರ್ಲೆಂಡಿನ ಮ್ಯಾಲೋ ಊರಿನ ಹೆಸರಿನ ಗತಿಯೊಂದರದು. ಮಹಾಪಂಡಿತರಾಗಿದ್ದೂ ಪರರ ಧಾಟಿಗೆ ಕಿವಿಗೊಟ್ಟರು. ಕೈಗೆ ಬಂದುದನ್ನು ತಮ್ಮದಾಗಿಸಿಕೊಂಡರು.

ಮೊದಲ ಶಿಕ್ಷಣ ವ್ಯರ್ಥವಾಗುತ್ತದೆಯೇ? ಇಲ್ಲ. ಶ್ರುತಿಜ್ಞಾನ, ಬೆರಳಿನ ಹದ, ನಿತ್ಯಾಭ್ಯಾಸದ ಶಿಸ್ತು ಎಲ್ಲವೂ ನೆರವಿಗೆ ಬರುತ್ತವೆ. ಬಿಡಬೇಕಾದದ್ದು ತನಗೆ ತಿಳಿದುದೇ ಅಳತೆಗೋಲೆಂಬ ಭಾವನೆಯನ್ನು ಮಾತ್ರ. ತಂದೆತಾಯಿಗಳು ಮಕ್ಕಳ ಪರೀಕ್ಷೆ, ಪ್ರಶಸ್ತಿಪತ್ರಗಳ ಬಗೆಗೆ ವಹಿಸುವ ಕಾಳಜಿಯಲ್ಲಿ ಅರ್ಧವನ್ನಾದರೂ ಕೇಳ್ಮೆಯ ಕಡೆಗೆ ತಿರುಗಿಸಲಿ. ವಾರಕ್ಕೊಂದು ಸಂಜೆ ಊರಿನ ಹಿರಿಯ ಹಾಡುಗಾರರ ಬಳಿ ಮಕ್ಕಳನ್ನು ಕೂರಿಸಿದರೂ ಸಾಕು, ಪುಸ್ತಕದಲ್ಲಿಲ್ಲದ ಪಾಠ ಅವರಿಗೆ ಅಲ್ಲಿ ದೊರೆಯುತ್ತದೆ.