ನಮ್ಮ ಟೀಮೇ ಟ್ರಾನ್ಸ್‌ಫರ್ ಆಗಿಬಿಟ್ಟಿತು!

ಸ್ಟೇಶನ್ ಬಜಾರದಲ್ಲಿ ಸಂಜೆ ಚಾ ಕುಡಿಯುವ ನಮ್ಮ ಗ್ಯಾಂಗಿನಲ್ಲಿ ಐದು ಜನ. ಐವರಿಗೂ ಸದ್ಯ ಕೆಲಸ ಇಲ್ಲ, ಆದರೆ ಐವರಿಗೂ ಒಂದೊಂದು ಕ್ಲಬ್ ಇದೆ. ಇಬ್ಬರು ಮ್ಯಾಂಚೆಸ್ಟರ್ ಯುನೈಟೆಡ್, ಒಬ್ಬ ರಿಯಲ್ ಮ್ಯಾಡ್ರಿಡ್, ಕಮಲಾಪುರದಿಂದ ದಿನಾ ಬಸ್ಸು ಹತ್ತಿ ಲೈಬ್ರರಿಗೆ ಬರುವ ಗೆಳೆಯ ಆರ್ಸೆನಲ್, ನಾನು ಬಾರ್ಸಿಲೋನಾ. ಸುಸಲಾ ಮತ್ತು ಮಿರ್ಚಿ ಭಜಿಯ ಪ್ಲೇಟು ಬರುವ ಹೊತ್ತಿಗೆ ಎರಡು ಜಾತಿಯ ಗಾಳಿಸುದ್ದಿ ಮೇಜಿಗೆ ಬಂದಿರುತ್ತದೆ. ಒಂದು, ಯಾವ ಇಲಾಖೆಯ ನೇಮಕಾತಿ ಅಧಿಸೂಚನೆ ಈ ವಾರ ಬರುತ್ತದಂತೆ ಎಂಬುದು. ಇನ್ನೊಂದು, ಯಾವ ಆಟಗಾರ ಯಾವ ಕ್ಲಬ್ಬಿಗೆ ಹೊರಟಿದ್ದಾನಂತೆ ಎಂಬುದು. ಎರಡನ್ನೂ ನಾವು ಟೆಲಿಗ್ರಾಂ ಗ್ರೂಪಿನಲ್ಲೇ ಓದುತ್ತೇವೆ, ಎರಡನ್ನೂ ಅಷ್ಟೇ ನಂಬುತ್ತೇವೆ.

ಇದರಲ್ಲಿ ಮ್ಯಾಡ್ರಿಡ್ ಗೆಳೆಯನ ತಾಳ್ಮೆಯನ್ನು ಮೆಚ್ಚಬೇಕು. "ಎಂಬಾಪೆ ನಮ್ ಟೀಮಿಗಿ ಬರ್ಲಕತ್ತಾನ" ಎಂದು ಅವನು ವರ್ಷಗಟ್ಟಲೆ ಹೇಳುತ್ತಲೇ ಬಂದ. 2022ರ ಮೇ ತಿಂಗಳಲ್ಲಿ ಎಂಬಾಪೆ ಪ್ಯಾರಿಸ್‌ನಲ್ಲೇ ಉಳಿಯುತ್ತೇನೆಂದು ಸಹಿ ಹಾಕಿದಾಗ ಈ ಮಹಾಶಯ ಎರಡು ದಿನ ಚಾ ಅಂಗಡಿಯ ಕಡೆ ತಲೆ ಹಾಕಲಿಲ್ಲ. 2024ರ ಜೂನ್‌ನಲ್ಲಿ ಕೊನೆಗೂ ಮ್ಯಾಡ್ರಿಡ್‌ಗೆ ಹೋದಾಗ ಬಂದು ಎಲ್ಲರಿಗೂ ಚಾ ಕುಡಿಸಿ, "ನಾ ಹೇಳಿದ್ದಿಲ್ಲಾ?" ಎಂದ.

ನನ್ನ ಗಾಯ ಬೇರೆ. 2021ರ ಆಗಸ್ಟ್ 5. ಮೆಸ್ಸಿ ಬಾರ್ಸಿಲೋನಾದಲ್ಲೇ ಮುಂದುವರಿಯುತ್ತಾನೆ, ಸಹಿಯೊಂದೇ ಬಾಕಿ ಎಂದು ಎಲ್ಲರೂ ಹೇಳುತ್ತಿದ್ದರು. ಅವತ್ತೇ ಕ್ಲಬ್ಬು ಅವನು ಇರುವುದಿಲ್ಲ ಎಂದು ಪ್ರಕಟಿಸಿತು. ಮೂರು ದಿನದ ನಂತರ ಅವನು ಪತ್ರಿಕಾಗೋಷ್ಠಿಯಲ್ಲಿ ಅಳುವುದನ್ನು ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮೊಬೈಲಿನಲ್ಲಿ ನೋಡುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಬಗ್ಗಿ ನೋಡಿದಳು.

"ಯಾಕ ಅಳ್ಲಕತ್ತಾನ ಅಂವ? ಯಾರರ ತೀರಿಕೊಂಡಾರೇನು?"

"ಇಲ್ಲವ್ವ, ಕೆಲಸ ಬಿಡ್ಲಕತ್ತಾನ."

"ಬ್ಯಾರೆ ಕೆಲಸ ಸಿಕ್ಕಿಲ್ಲೇನು?"

"ಪ್ಯಾರಿಸಿನಾಗ ಸಿಗ್ತದಂತ."

"ಮತ್ತ ಅಳೋದ್ಯಾಕ!" ಎಂದು ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆಗ ನಕ್ಕಿದ್ದೆ. ಈಗ ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತ ಕೂತಾಗ ಅವ್ವನ ಪ್ರಶ್ನೆ ಸರಿಯಾಗಿಯೇ ಇತ್ತು ಅನಿಸುತ್ತದೆ. ಟ್ರಾನ್ಸ್‌ಫರ್ ಎಂದರೆ ಕೊನೆಗೆ ಕೆಲಸ ಬದಲಿಸುವುದೇ ತಾನೆ. ಒಪ್ಪಂದ ಮುಗಿಯಲು ಆರು ತಿಂಗಳಿರುವಾಗ ಬೇರೆ ದೇಶದ ಕ್ಲಬ್ಬಿನ ಜೊತೆ ಆಟಗಾರ ಮುಂಗಡ ಮಾತಾಡಿಕೊಳ್ಳಬಹುದು. ಅವನ ಏಜೆಂಟ್ ಅದನ್ನು ಯಾರೋ ಪತ್ರಕರ್ತರ ಕಿವಿಗೆ ಹಾಕುತ್ತಾನೆ. ಹಳೆಯ ಕ್ಲಬ್ಬು ಹೆದರಿ ಸಂಬಳ ಏರಿಸುತ್ತದೆ, ಇಲ್ಲವೇ ಹೊಸದು ಇನ್ನೂ ಹೆಚ್ಚು ಕೊಡುತ್ತದೆ. ನಾವು ರಾತ್ರಿಯಿಡೀ ನಿದ್ದೆಗೆಟ್ಟು ಚರ್ಚಿಸುವ ಸುದ್ದಿಗಳಲ್ಲಿ ಎಷ್ಟೋ ಹೀಗೆ ಸಂಬಳದ ಚೌಕಾಸಿಗೆ ಬಿಟ್ಟ ಗಾಳಿಪಟ. ಫ್ಯಾಬ್ರಿಜಿಯೊ ರೊಮಾನೊ "ಹಿಯರ್ ವಿ ಗೋ" ಎನ್ನುವ ತನಕ ನಂಬಬೇಡಿ ಎನ್ನುವುದು ಅದಕ್ಕೇ. ನೇಮಕಾತಿಯ ಸುದ್ದಿಗೂ ಅಂಥವನೊಬ್ಬ ಇದ್ದಿದ್ದರೆ ನಮ್ಮ ಅರ್ಧ ಆಯುಷ್ಯ ಉಳಿಯುತ್ತಿತ್ತು.

ಹಾಗಿದ್ದರೆ ನಿಮ್ಮ ರಾಜ್ಯದ್ದೇ ಬೆಂಗಳೂರು ಎಫ್‌ಸಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ಕ್ಲಬ್ ಅದು. ಸುನಿಲ್ ಚೆಟ್ರಿಯ ಬಗ್ಗೆ ನಮಗೆಲ್ಲ ಭಕ್ತಿ. 2018ರಲ್ಲಿ ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದ ದಿನ ನೋಡಲು ಬಂದಿದ್ದವರು 2,569 ಜನ. ಆಗ ಚೆಟ್ರಿ ಒಂದು ವಿಡಿಯೊ ಮಾಡಿ, ಯುರೋಪಿನ ಕ್ಲಬ್ಬುಗಳ ಅಭಿಮಾನಿಗಳೇ, ನಮ್ಮ ಆಟ ಆ ಮಟ್ಟದ್ದಲ್ಲ ನಿಜ, ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂದು ಕೇಳಿಕೊಂಡಿದ್ದ. ಅದು ನನಗೇ ಹೇಳಿದ ಹಾಗಿತ್ತು. ಆದರೆ ಕಂಠೀರವ ಮೈದಾನ ನಮಗೆ ಒಂದಿಡೀ ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಇನ್ನೂರು ಚಿಲ್ಲರೆ ಕಿಲೋಮೀಟರಿಗೆ ಸಿಗುವುದು ಹೈದರಾಬಾದ್.

ಹೈದರಾಬಾದ್ ನಮಗೆ ಪರವೂರೂ ಅಲ್ಲ. ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಈಗ ಕೆಲಸಕ್ಕೆ ನಮ್ಮವರು ಹೋಗುವುದು ಅಲ್ಲಿಗೇ. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ತರಬೇತಿ ಕೊಟ್ಟ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತ್ತು. ಇದೇ ರಹೀಂ ಸಾಹೇಬರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಎತ್ತಿತ್ತು. 'ಮೈದಾನ್' ಸಿನಿಮಾ ನೋಡಿದವರಿಗೆ ರಹೀಂ ಯಾರೆಂದು ಗೊತ್ತಿರುತ್ತದೆ.

ಅಂಥ ಊರಿಗೆ 2019ರಲ್ಲಿ ಐಎಸ್‌ಎಲ್ ಕ್ಲಬ್ ಬಂತು. ಬಂದ ಬಗೆಯೂ ವಿಚಿತ್ರ. ಪುಣೆಯ ಕ್ಲಬ್ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಪುಣೆಯಿಂದ ಹೈದರಾಬಾದಿಗೆ ಹೋಗುವ ಎಷ್ಟೋ ರೈಲು ನಮ್ಮ ಸ್ಟೇಶನ್ ದಾಟಿಯೇ ಹೋಗುತ್ತವೆ. ಕ್ಲಬ್ಬೂ ಹಾಗೇ ನಮ್ಮ ಮುಂದಿನಿಂದಲೇ ಹಾದುಹೋಯಿತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

2022ರ ಮಾರ್ಚ್ 20ರ ರಾತ್ರಿಯನ್ನು ಮರೆಯಲಾರೆ. ಗೋವಾದಲ್ಲಿ ಫೈನಲ್. ಎದುರಿಗೆ ಕೇರಳ ಬ್ಲಾಸ್ಟರ್ಸ್, ಮೈದಾನದ ತುಂಬ ಹಳದಿ ಅಂಗಿಯ ಮಲಯಾಳಿಗಳು. 1-1 ಆಗಿ ಆಟ ಪೆನಾಲ್ಟಿಗೆ ಹೋಯಿತು. ನಮ್ಮ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಒಂದಲ್ಲ, ಎರಡಲ್ಲ, ಮೂರು ಪೆನಾಲ್ಟಿ ತಡೆದ. ಆತ ಗೋವಾದ ಆಟಗಾರ, ಆದರೆ ಕಟ್ಟಿಮನಿ ಎಂಬ ಅಡ್ಡಹೆಸರು ನಮ್ಮ ಕಡೆ ಊರೂರಿಗೂ ಇದೆ. ಕಮಲಾಪುರದ ಗೆಳೆಯ ಫೋನ್ ಮಾಡಿ, "ನಮ್ಮಂವ ಗೆಲಿಸಿದ್ನಲೇ!" ಎಂದು ಕಿರುಚಿದ. ಹೆಸರಿನ ಮೇಲೆ ಹಕ್ಕು ಸಾಧಿಸಲು ಅಭಿಮಾನಿಗೆ ಪಹಣಿ ಪತ್ರ ಬೇಕಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ನಾವಿಬ್ಬರೂ ರೈಲು ಹತ್ತಿದೆವು. ಅವನ ಚೀಲದ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಲಿಂಗಂಪಲ್ಲಿಯಲ್ಲಿ ಇಳಿದು ಗಚ್ಚಿಬೌಲಿಗೆ ಹೋದೆವು. ಎದುರಾಳಿ ಯಾರು ಗೊತ್ತೇ? ಬೆಂಗಳೂರು ಎಫ್‌ಸಿ! ಚೆಟ್ರಿಯನ್ನು ಮೊದಲ ಸಲ ಕಣ್ಣಾರೆ ನೋಡುತ್ತ, ಅವನ ವಿರುದ್ಧ ಕೂಗಿದೆವು. ಟಿವಿಯಲ್ಲಿ ಕಾಣದ ಸಂಗತಿ ಏನೆಂದರೆ, ಚೆಂಡಿಲ್ಲದಾಗ ಆಟಗಾರರು ಎಷ್ಟು ಓಡುತ್ತಾರೆ, ಎಷ್ಟು ಮಾತಾಡುತ್ತಾರೆ ಎಂಬುದು. ಒಗ್ಬೆಚೆ ಹೊಡೆದ ಒಂದೇ ಗೋಲಿನಿಂದ ಹೈದರಾಬಾದ್ ಗೆದ್ದಿತು. ಪಕ್ಕದ ಸೀಟಿನ ಹುಡುಗ ಎಲ್ಲಿಯವರು ಎಂದು ಕೇಳಿದ. ಗುಲ್ಬರ್ಗಾ ಎಂದೆ. "ಅಪ್ನೇಚ್ ಲೋಗಾಂ" ಎಂದು ಹೆಗಲ ಮೇಲೆ ಕೈ ಹಾಕಿದ. ವಾಪಸ್ ಬರುವಾಗ ಕ್ಲಬ್ಬಿನ ಹಳದಿ ಜರ್ಸಿ ಕೊಂಡೆ.

ಆಮೇಲೆ ಆಗಿದ್ದು ಗಾಳಿಸುದ್ದಿಯಲ್ಲ. ಮುಂದಿನ ಸೀಸನ್ನಿನ ಹೊತ್ತಿಗೆ ಆಟಗಾರರಿಗೆ ಸಂಬಳ ಬಾಕಿ, ಹೊಸಬರನ್ನು ಸೇರಿಸಿಕೊಳ್ಳದಂತೆ ಫಿಫಾ ನಿಷೇಧ. 2024ರ ಜನವರಿಯಲ್ಲಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು. ನಿಖಿಲ್ ಪೂಜಾರಿ, ಚಿಂಗ್ಲೆನ್ಸಾನಾ ಇಬ್ಬರೂ ಬೆಂಗಳೂರಿಗೆ ಹೋದರು. ಬ್ರೆಜಿಲ್‌ನ ಜೋವಾವ್ ವಿಕ್ಟರ್ ಒಬ್ಬ ಉಳಿದ, ಅವನ ಸುತ್ತ ಮೀಸೆ ಚಿಗುರದ ಹುಡುಗರು. ಕೋಚ್ ತಾಂಗ್ಬೊಯ್ ಸಿಂಗ್ಟೊ ಅವರನ್ನೇ ಕಟ್ಟಿಕೊಂಡು ಪ್ರತಿ ವಾರ ಸೋಲಲು ಹೊರಡುತ್ತಿದ್ದರು. 22 ಪಂದ್ಯಗಳಲ್ಲಿ ಗೆದ್ದದ್ದು ಒಂದು.

ನಾನು ಅಷ್ಟು ವರ್ಷ ಟ್ರಾನ್ಸ್‌ಫರ್ ಸುದ್ದಿಯನ್ನು ಸಿನಿಮಾ ಪೋಸ್ಟರಿನಂತೆ ನೋಡಿದ್ದೆ. ನೇಮಾರ್‌ಗೆ 222 ಮಿಲಿಯನ್ ಯೂರೊ ಅಂದರೆ ನಮಗೆ ಒಂದು ಮೋಜಿನ ಅಂಕಿ. ಇಲ್ಲಿ, ತಿಂಗಳ ಪಗಾರ ಬರದೆ ಬೇರೆ ಕೆಲಸ ಹುಡುಕಿಕೊಂಡು ಹೋದವರನ್ನು "ದ್ರೋಹಿಗಳು" ಎಂದು ಗ್ರೂಪಿನಲ್ಲಿ ಬರೆದವನೂ ನಾನೇ. ಆ ಮೆಸೇಜು ಈಗಲೂ ಇದೆ. ಮುಂದೆ 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ತಿಳಿಯದೆ ಬೆಂಗಳೂರು ಎಫ್‌ಸಿ ಕೂಡ ಮೊದಲ ತಂಡದ ಆಟಗಾರರ ಸಂಬಳ ತಡೆಹಿಡಿದಾಗ ನಾನು ಏನೂ ಬರೆಯಲಿಲ್ಲ. ಅಷ್ಟರಲ್ಲಿ ನನ್ನದೇ ಒಂದು ಖಾಸಗಿ ಕೆಲಸದ ಎರಡು ತಿಂಗಳ ಪಗಾರ ಮುಳುಗಿತ್ತು.

ಅದೇ ಅಕ್ಟೋಬರಿನಲ್ಲಿ ಹೈದರಾಬಾದ್ ಎಫ್‌ಸಿ ದೆಹಲಿಗೆ ಹೋಯಿತು. ಹೆಸರು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ. 2019ರಲ್ಲಿ ದೆಹಲಿಯ ಡೈನಮೋಸ್ ಕ್ಲಬ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು, ಈಗ ನಮ್ಮದು ದೆಹಲಿಗೆ. ಆಟಗಾರ ಹೋದರೆ ಬೈಯಬಹುದು. ಕ್ಲಬ್ಬೇ ಹೋದರೆ ಯಾರನ್ನು ಬೈಯುವುದು? ದೆಹಲಿಗೆ ಜೈ ಎನ್ನಲು ಬಾಯಿ ಬರುತ್ತಿಲ್ಲ.

ಎರಡು ತಿಂಗಳ ನಂತರ, ಡಿಸೆಂಬರ್ 13ರಂದು, ಮೆಸ್ಸಿಯೇ ಹೈದರಾಬಾದಿಗೆ ಬಂದ. ಉಪ್ಪಲ್ ಕ್ರಿಕೆಟ್ ಮೈದಾನದಲ್ಲಿ ಕಾರ್ಯಕ್ರಮ. ಗ್ಯಾಂಗಿನವರು "ನಡಿಯಲೇ, ನಿನ್ನ ದೇವ್ರು ಬಂದಾನ" ಎಂದು ಎಳೆದರು. ಟಿಕೆಟ್ಟಿಗೆ ದುಡ್ಡಿಲ್ಲ ಎಂದೆ. ಅದು ನಿಜವೇ. ಆದರೆ ಸಾಲ ಮಾಡಿಯಾದರೂ ಹೋಗುವ ಆಸೆ ಯಾಕೆ ಹುಟ್ಟಲಿಲ್ಲವೋ.

ಹಳದಿ ಜರ್ಸಿ ಈಗಲೂ ಇದೆ. ಕಳೆದ ಭಾನುವಾರ ಅದನ್ನೇ ಹಾಕಿಕೊಂಡು ಆಡಲು ಹೋಗಿದ್ದೆ. ಎಂಟನೇ ತರಗತಿಯ ಹುಡುಗನೊಬ್ಬ ಎದೆಯ ಲಾಂಛನ ನೋಡುತ್ತ ಹತ್ತಿರ ಬಂದ.

"ಅಣ್ಣಾ, ಇದು ಡಾರ್ಟ್‌ಮುಂಡ್ ಏನ್ರೀ?"

"ಅಲ್ಲೋ ತಮ್ಮಾ, ಹೈದರಾಬಾದ್."

"ಹೈದರಾಬಾದಿಗಿ ಟೀಮ್ ಇತ್ತೇನ್ರೀ?"

"ಇತ್ತು. ನೀ ಗೋಲಿಗಿ ನಿಂದ್ರು ನಡಿ" ಎಂದೆ. ನಾವಾಗಲೇ ಒಬ್ಬರು ಕಮ್ಮಿ ಇದ್ದೆವು.